ಸುಮಲತಾ ಕಟ್ಟಿದ ಸರ್ವರ್

ಅವರ್ಸಾದಲ್ಲಿ ಮೀನು ಮಾರುವ ಹೆಂಗಸರಾದ ನಮ್ಮದೊಂದು ಸಂಘವಿದೆ. ಅದರ ಲೆಕ್ಕ ಬರೆಯುತ್ತಿದ್ದವಳು ಸುಮಲತಾ. ಅವಳ ಗಂಡ ಬೋಟಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಮನೆಯಲ್ಲಿದ್ದಾನೆ. ಅವಳು ಕಾರವಾರದಲ್ಲಿ ಕಂಪ್ಯೂಟರ್ ಕಲಿತವಳು. ಕೇಳಿದ್ದನ್ನೇ ಮತ್ತೆ ಕೇಳಿದರೂ ಮುಖ ಗಂಟು ಹಾಕುತ್ತಿರಲಿಲ್ಲ.

ನಾವು ಕಾರವಾರ ಬಂದರಿನ ಹರಾಜಿನಲ್ಲಿ ಮೀನು ಕೊಳ್ಳುವವರು. ಒಬ್ಬೊಬ್ಬಳೇ ಕೂಗಿದರೆ ದಲಾಲಿ ದರ ಏರಿಸುತ್ತಾನೆ. ಯಾರಿಗೆ ಎಷ್ಟು ಬುಟ್ಟಿ ಬೇಕೆಂದು ಮೊದಲೇ ಕೂಡಿಸಿಕೊಂಡು ಎಲ್ಲರ ಪರವಾಗಿ ಒಬ್ಬಳೇ ಕೂಗಿದರೆ ನಮಗೂ ನಾಲ್ಕು ಕಾಸು ಉಳಿಯುತ್ತದೆ. ವಾಟ್ಸಾಪಿನಲ್ಲಿ ಹಾಗೆ ಮಾಡಿ ನೋಡಿದೆವು. ಗುಂಪಿನಲ್ಲಿ ದಲಾಲಿಯ ಸೊಸೆಯೂ ಇದ್ದಳು. ನಮ್ಮೂರ ಮಗಳು, ತೆಗೆದುಹಾಕಲು ಯಾರಿಗೂ ಬಾಯಿ ಬರಲಿಲ್ಲ. ನಾವು ಬಂದರು ಮುಟ್ಟುವ ಮೊದಲೇ ದಲಾಲಿಗೆ ಎಲ್ಲ ಗೊತ್ತಿರುತ್ತಿತ್ತು.

ಸಂಘದ ಕಂಪ್ಯೂಟರಿನಲ್ಲೇ ಒಂದು ಸರ್ವರ್ ಕೂರಿಸುತ್ತೇನೆ ಎಂದಳು ಸುಮಲತಾ. ಅವರವರು ಫೋನಿನಿಂದ ಬರೆದದ್ದು ಅವರವರಿಗಷ್ಟೇ ಕಾಣುತ್ತದೆ, ಒಟ್ಟು ಮೊತ್ತ ಕೂಗುವವಳಿಗೆ ಮಾತ್ರ. ಅದೇ ಹೊತ್ತಿಗೆ ದಲಾಲಿಯೂ ತನ್ನ ಆ್ಯಪ್ ಕೊಡುತ್ತೇನೆ, ಸಂಘದ ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದ. ಮಳೆಗಾಲದಲ್ಲಿ ಮೀನುಗಾರಿಕೆಗಿರುವ ಬಂದಿ ಮುಗಿದು ಬೋಟು ಕಡಲಿಗೆ ಇಳಿಯುವುದರೊಳಗೆ ಸರ್ವರ್ ನಡೆಯಬೇಕು, ಇಲ್ಲವಾದರೆ ದಲಾಲಿಯದ್ದೇ ಎಂದು ಕಮಿಟಿ ತೀರ್ಮಾನಿಸಿತು. ದಲಾಲಿಯದ್ದೇ ಎಂದರೆ ಸುಮಲತಾಳ ಕೆಲಸ ಹೋಯಿತು ಎಂದೇ ಅರ್ಥ.

ಆ ಸರ್ವರಿನ ಸಾಫ್ಟ್‌ವೇರ್ ಪರದೇಶದವರು ಬರೆದು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟದ್ದು. ವಿಂಡೋಸಿನ ಬದಲು ಲಿನಕ್ಸ್ ಇರುವ ಕಂಪ್ಯೂಟರಿಗೆ ಸಿದ್ಧವಾಗಿಯೇ ಸಿಗುತ್ತದಂತೆ. ನಮ್ಮ ಲೆಕ್ಕದ ಪ್ರೋಗ್ರಾಮು ನಡೆಯುವುದು ವಿಂಡೋಸಿನಲ್ಲಿ ಮಾತ್ರ, ಅದನ್ನು ತೆಗೆಯುವಂತಿಲ್ಲ. ವಿಂಡೋಸಿಗೆ ಬೇಕೆಂದರೆ ಅವರು ಬರೆದ ಕೋಡನ್ನು ತಂದು ನಾವೇ ಕಟ್ಟಿಕೊಳ್ಳಬೇಕು.

ಇನ್ನೊಂದು ತೊಡಕಿತ್ತು. ಸಂಘದ ಪೆಟ್ಟಿಗೆಯ ಬೀಗದ ಕೈಯನ್ನು ನಾವು ನೆಂಟರ ಕೈಗೆ ಕೊಡುವುದಿಲ್ಲ. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ನಾಳೆ ಮಾತು ಬರುತ್ತದೆ. ಅದು ಘಟ್ಟದ ಮೇಲಿನಿಂದ ಬಂದು ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟ ದರ್ಜಿಯ ಹತ್ತಿರ ಇರುತ್ತದೆ. ಕಂಪ್ಯೂಟರ್ ಬಂದಾಗಲೂ ಅದೇ ರೂಢಿ: ಹೊಸದೇನಾದರೂ ಕೂರಿಸಲು, ಬದಲಿಸಲು ಅದು ಕೇಳುವ ದೊಡ್ಡ ಪಾಸ್‌ವರ್ಡನ್ನು ಕಂಪ್ಯೂಟರ್ ಮಾರಿದವನೇ ಹಾಕಿ ತನ್ನಲ್ಲೇ ಇಟ್ಟುಕೊಳ್ಳಲಿ ಎಂದೆವು. ಅವನು ಹುಬ್ಬಳ್ಳಿಯವ. ಅಂಗಡಿ ಮುಚ್ಚಿದ, ಅವನ ನಂಬರಿನಲ್ಲಿ ಈಗ ಬೇರೆ ಯಾರೋ ಮಾತಾಡುತ್ತಾರೆ.

ಪಾಸ್‌ವರ್ಡ್ ಕೇಳದ, ಬಿಚ್ಚಿಟ್ಟರೆ ನಡೆಯುವ, ಕೋಡು ಕಟ್ಟಿಕೊಡುವ ಕಂಪೈಲರ್ ಹುಡುಕಿ ತಂದಳು ಸುಮಲತಾ. ಒಂದು ಕಟ್ಟಲು ಇನ್ನೊಂದು ಬೇಕು, ಆ ಇನ್ನೊಂದು ವಿಂಡೋಸಿಗೆ ಒಗ್ಗದು. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಗೆರೆ. ಸಾಫ್ಟ್‌ವೇರ್ ಬರೆದವರನ್ನು ಕೇಳಿದಳು. ನಮ್ಮಲ್ಲಿ ಯಾರ ಬಳಿಯೂ ವಿಂಡೋಸ್ ಇಲ್ಲ, ಕ್ಷಮಿಸಿ ಎಂದು ಉತ್ತರ ಬಂತು.

"ನಿನ್ ಕಂಪ್ಯೂಟರ್ ಪೆಟ್ಗೆ ಬರೀ ಕೆಂಪು ಸಾರೇ ಕಾಯಿಸ್ತದೆ ಅಲ್ದೇ?" ಎಂದು ಅಧ್ಯಕ್ಷೆ ಗಂಗಿ ಚುಚ್ಚಿದಳು.

"ಉಪ್ಪು ಹಾಕೂಕೆ ನೀ ಬಾ ಗಂಗಕ್ಕ," ಎಂದು ಸುಮಲತಾ ತಲೆ ಎತ್ತದೆ ಹೇಳಿದಳು.

ಆಷಾಢ ಕಳೆಯುವ ಹೊತ್ತಿಗೆ ಕಟ್ಟಿ ಮುಗಿಯಿತು. ಕಮಿಟಿಯವರೆಲ್ಲ ಬಂದು ಕೂತೆವು. ಕಂಪ್ಯೂಟರಿನಲ್ಲೇ ನನ್ನ ಹೆಸರಿಗೆ ಒಂದು ಬುಟ್ಟಿ ಬಂಗಡೆ ಬರೆದಳು, ಬಂತು. ನಂತರ ಫೋನಿನಿಂದ ಬರೆಯಿರಿ ಎಂದಳು. ಫೋನು ತಿರುಗುತ್ತಲೇ ಇತ್ತು. ಪರದೆಯ ಮೇಲೊಂದು ಚೌಕ ಮೂಡಿತು: ಹೊರಗಿನವರನ್ನು ಒಳಗೆ ಬಿಡಬೇಕಾದರೆ ದೊಡ್ಡ ಪಾಸ್‌ವರ್ಡ್ ಹಾಕಿ.

ಸುಮಲತಾ ಅದನ್ನು ನೋಡುತ್ತ ಕೂತಳು. ಕಟ್ಟುವುದಕ್ಕೆ ಬೇಡವಾದದ್ದು ನಡೆಸುವುದಕ್ಕೂ ಬೇಡವೆಂದು ಅವಳು ಎಣಿಸಿದ್ದಳು.

"ಎಲ್ಲಾ ಅಳ್ಸಿ ಹೊಸಾದಾಗಿ ಹಾಕೂಕೆ ಆಗೂದಿಲ್ವನೇ?" ಗಂಗಿಯ ದನಿ ಈಗ ಮೆತ್ತಗಿತ್ತು.

"ಆಗ್ತದೆ ಗಂಗಕ್ಕ. ನಿಮ್ಮೆಲ್ಲರ ಉಳಿತಾಯದ ಲೆಕ್ಕಾನೂ ಅದರ ಜೊತೆಗೇ ಹೋಗ್ತದೆ. ಅದನ್ನ ಬೇರೆ ಕಡೆ ತೆಗೆದಿಡೂಕೂ ಅದೇ ಪಾಸ್‌ವರ್ಡ್ ಬೇಕು."

ಹೋಗಲಿ, ಅಳಿಸು ಎನ್ನುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಬೇರೆ ಕಂಪ್ಯೂಟರ್ ಕೊಳ್ಳುವ ಶಕ್ತಿಯೂ ಇರಲಿಲ್ಲ.

ಬೋಟುಗಳು ಕಡಲಿಗೆ ಇಳಿದವು. ಈಗ ದಲಾಲಿಯ ಆ್ಯಪಿನಲ್ಲಿ ನಮಗೆ ಬೇಕಾದದ್ದನ್ನು ನಾವೇ ಅವನಿಗೆ ಬರೆದು ತಿಳಿಸುತ್ತೇವೆ. ಲೆಕ್ಕ ನೋಡಲು ಅವನ ಕಡೆಯವನೊಬ್ಬ ಬರುತ್ತಾನೆ. ಸುಮಲತಾ ಕಟ್ಟಿಟ್ಟದ್ದನ್ನು ಏನು ಮಾಡಲಿ ಎಂದು ಅವನು ಕೇಳಿದ. ಅವಳು ಈಗ ಕೂಲಿಗಿರುವ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗಿ ನಾನೇ ಅವಳನ್ನು ಕೇಳಿಕೊಂಡು ಬಂದೆ. ಅವಳು ಕೈ ನಿಲ್ಲಿಸಲಿಲ್ಲ. ಜಾಗ ಬೇಕಿದ್ದರೆ ಅಳಿಸಲಿ ಎಂದಳು.