ಬಾವಿಮನೆ ಮಿಸಾವೊಳ ಬಿಳಿ ಸಸಿಗಳು

ನಮ್ಮೂರಿನ ಹನ್ನೊಂದು ಮನೆಗಳಿಗೂ ಒಂದೇ ಕುಲನಾಮ, ಇಗಾರಾಶಿ. ಅಂಚೆಯವನಿಗೆ ತಲೆನೋವಾಗಿದ್ದು ಬಿಟ್ಟರೆ ಅದರಿಂದ ಯಾರಿಗೂ ಏನೂ ಆಗಿಲ್ಲ. ಹಾಗಾಗಿ ನಾವು ಜನರನ್ನು ಮನೆಯ ಹೆಸರಿನಿಂದ ಗುರುತಿಸುತ್ತೇವೆ: ಮೇಲ್ಮನೆ, ಬಾವಿಮನೆ, ಬಡಗಿಮನೆ. ಬಾವಿಮನೆಯ ಬಾವಿ ಮುಚ್ಚಿ ನಲವತ್ತು ವರ್ಷವಾಯಿತು. ಬಡಗಿಮನೆಯವರಿಗೆ ನೆಟ್ಟಗೆ ಒಂದು ಮೊಳೆ ಹೊಡೆಯಲು ಬಾರದು.

ಬಾವಿಮನೆಯ ಮಿಸಾವೊಗೆ ಈಗ ಅರವತ್ತೆರಡು. ಅದರಲ್ಲಿ ಮೂವತ್ತೊಂದು ವರ್ಷ ಊರಿಗೆಲ್ಲ ಭತ್ತದ ಸಸಿ ಬೆಳೆಸುವುದರಲ್ಲೇ ಕಳೆದಿದ್ದಾಳೆ. ಸಸಿಮನೆಯ ಕೀಲಿಕೈ ಅವಳ ಸೊಂಟದಲ್ಲಿ. ಗಂಡ ಕಿಯೊಜಿ ಅವಳ ಹಿಂದೆ. ಈ ಕೆಲಸದಲ್ಲಿ ಹಸಿರಿದ್ದರೇ ಹೆಸರು.

ಏಪ್ರಿಲ್‌ನಲ್ಲಿ ನಾನೂರು ತಟ್ಟೆಗಳಲ್ಲಿ ಬಿತ್ತನೆ. ಬಿಸಿ ಕೋಣೆಯ ಕತ್ತಲಲ್ಲಿ ಎರಡು ದಿನ ಇಟ್ಟು ಹೊರಗೆ ತಂದರೆ ಮೊಳಕೆಗಳು ಉಗುರುದ್ದ ಎದ್ದಿರುತ್ತವೆ, ನಾಲ್ಕು ತಿಂಗಳು ಹಿಮದ ಹಿಂದೆ ಕೂತ ನಮ್ಮ ಮುಖಗಳ ಹಾಗೆ ಬೆಳ್ಳಗೆ. ಆ ಹೊತ್ತಿಗೆ ಅವುಗಳೊಳಗಿನ ಹಸಿರುಕಣಗಳು ಅರೆಬರೆ ಕಟ್ಟಿದ ಮನೆಗಳು. ಗೋಡೆ ಎದ್ದಿದೆ, ಒಲೆ ಹೂಡಿಲ್ಲ. ಪ್ಲಾಸ್ಟಿಕ್ ಸಸಿಮನೆಯಲ್ಲಿ ಬೆಳ್ಳಿ ಬಣ್ಣದ ಹೊದಿಕೆಯ ಕೆಳಗೆ ಮೂರು ದಿನ ಬೆಚ್ಚಗೆ, ಮಂದ ಬೆಳಕಿನಲ್ಲಿ ಮಲಗಿಸಿದರೆ ಒಳಗಿನ ಪದರಗಳು ಒಂದೊಂದಾಗಿ ಕೂಡಿಕೊಂಡು, ಪತ್ರಹರಿತ್ತು ತುಂಬಿಕೊಂಡು, ಅಡುಗೆ ಶುರುವಾಗುತ್ತದೆ. ಅವಸರಪಟ್ಟು ಚಳಿಯಲ್ಲಿ ಬಿಸಿಲಿಗೆ ಒಡ್ಡಿದರೆ ಮನೆ ಕಟ್ಟುವವರೇ ಓಡಿಹೋಗುತ್ತಾರೆ. ಎಲೆ ಬಿಳಿಯಾಗೇ ಉಳಿಯುತ್ತದೆ.

ಇದು ಮಿಸಾವೊಗೆ ಗೊತ್ತಿಲ್ಲದ್ದಲ್ಲ. ಆದರೆ ಈ ವರ್ಷ ಹೊಳೆಯಾಚೆಯ ಊರಿನವರ ಸಸಿ ಎರಡು ದಿನ ಮೊದಲೇ ಹಸಿರಾಯಿತು. ಕ್ಷೌರದಂಗಡಿಯಲ್ಲಿ ಅವರ ಕಡೆಯವನೊಬ್ಬ, "ನಿಮ್ಮವು ಇನ್ನೂ ಮಲಗಿವೆಯಾ?" ಎಂದು ಕೇಳಿದನಂತೆ. ಕಿಯೊಜಿ ಅರ್ಧ ಕೂದಲು ಕತ್ತರಿಸಿದ ತಲೆಯಲ್ಲೇ ಮನೆಗೆ ಬಂದು ಹೇಳಿದ. ಮಿಸಾವೊ ಹೊದಿಕೆಯನ್ನು ಒಂದು ದಿನ ಮೊದಲೇ ತೆಗೆಯುವುದೆಂದು ಗೊತ್ತುಮಾಡಿದಳು.

ನಮ್ಮಲ್ಲಿ ಹೊದಿಕೆ ತೆಗೆಯುವುದು ಹಬ್ಬ. ಹನ್ನೊಂದು ಮನೆಯವರೂ ಬರಬೇಕು, ಅಕ್ಕಿಮದ್ಯ ಸಾಕೆಯ ಬಾಟಲಿ ಬರಬೇಕು, ಸಂಘದ ಅಧ್ಯಕ್ಷ ಮೇಲ್ಮನೆ ತೊಕುಜಿ ಎರಡು ಮಾತಾಡಬೇಕು. ಬೆಳಗ್ಗೆ ಹತ್ತಕ್ಕೆ ಆಕಾಶ ತೊಳೆದಿಟ್ಟ ಬೋಗುಣಿಯಂತಿತ್ತು. ಬೆಟ್ಟದ ಹಿಮದ ಮೇಲಿಂದ ಚಳಿಗಾಳಿ. ಅತಿಥಿಗಳಿಗೆಂದು ಸಸಿಮನೆಯ ಬಾಗಿಲು ಹಾರುಹೊಡೆದಿತ್ತು. ಹೊದಿಕೆ ಎತ್ತಿದರು. ತಿಳಿಹಸಿರು ಆಗತಾನೇ ಇಣುಕುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ತೊಕುಜಿ ಮಾತು ಶುರುಮಾಡಿದ. ನಾಲೆ ತೋಡಿದ ಕಾಲದಿಂದ ಹೊರಟು ತನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಬಂದು, ಮತ್ತೆ ನಾಲೆಗೆ ಹೋದ. ಹತ್ತೇ ನಿಮಿಷದಲ್ಲಿ ಮಿಸಾವೊಗೆ ಬಿಸಿಲು ಹೆಚ್ಚಾಯಿತೆನ್ನುವುದು ತಿಳಿಯಿತು. ಕೈ ಹೊದಿಕೆಯ ಅಂಚಿನಲ್ಲಿತ್ತು.

"ಅಧ್ಯಕ್ಷರೇ, ಸ್ವಲ್ಪ..."

"ಇನ್ನೆರಡೇ ಮಾತು, ಮಿಸಾವೊ-ಸಾನ್."

ಆ ಎರಡು ಮಾತಿಗೆ ಐವತ್ತು ನಿಮಿಷ ಹಿಡಿಯಿತು. ಅಧ್ಯಕ್ಷರು ಹೊಗಳುತ್ತಿರುವ ಸಸಿಯ ಮೇಲೆ ಅವರೆದುರೇ ಮುಸುಕು ಎಳೆಯುವ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇಲ್ಲ. ಸಸಿ ಸತ್ತರೆ ಮತ್ತೆ ಬಿತ್ತಬಹುದು, ಮರ್ಯಾದೆಗೆ ಬಿತ್ತನೆಯ ಬೀಜ ಸಿಗುವುದಿಲ್ಲ ಎಂದು ನಾವು ನಂಬಿದ್ದೇವೆ.

ಎರಡು ದಿನಕ್ಕೆ ನಾನೂರು ತಟ್ಟೆಗಳೂ ಬಿಳಿಚಿಕೊಂಡವು. ಮಂಗಳವಾರ ಎಲ್ಲರೂ ಮತ್ತೆ ಸೇರಿದರು, ಈ ಸಲ ಬಾಟಲಿ ಇಲ್ಲದೆ.

"ಇದು ಭತ್ತಾನೋ, ಶ್ಯಾವಿಗೆನೋ?" ಎಂದ ತೊಕುಜಿ. "ಪೇಟೆ ಸಸಿಕೇಂದ್ರದಲ್ಲಿ ಹೆಚ್ಚುವರಿ ಸಸಿ ಇದೆಯಂತೆ. ಇವನ್ನ ಚೆಲ್ಲಿ ಅಲ್ಲಿಂದ ತರಿಸೋಣ. ಮುಂದಿನ ವರ್ಷದಿಂದ ಎಲ್ಲಾ ಅವರೇ ಬೆಳೆಸ್ಲಿ. ನಿಂಗೂ ವಯಸ್ಸಾಯ್ತು, ಕೀಲಿಕೈ ಕೊಟ್ಬಿಡು."

ಮಿಸಾವೊ ಕೀಲಿಕೈ ಮುಟ್ಟಲಿಲ್ಲ. ಒಂದು ಸಸಿ ಕಿತ್ತು, ಹೆಬ್ಬೆರಳುಗುರಿನಿಂದ ಬುಡ ಸೀಳಿದಳು.

"ನೋಡಿ ಅಧ್ಯಕ್ಷರೇ. ಎಲೆ ಬೆಳೆಯೋದು ಬುಡದಿಂದ. ತುದಿ ಮುದುಕ, ಬುಡ ಕೂಸು. ಬಿಸಿಲಲ್ಲಿ ಕೆಟ್ಟಿದ್ದು ಹೊರಗಿದ್ದ ಮುದುಕ. ಎರಡನೇ ಎಲೆ ಇನ್ನೂ ಒಳಗೇ ಸುತ್ಕೊಂಡು ಕೂತಿದೆ. ಅದರ ಹಸಿರು ಇನ್ನು ಮೇಲೆ ಕಟ್ಟಬೇಕಾದ್ದು. ಅದು ಬಿಸಿಲೂ ಕಂಡಿಲ್ಲ, ಚಳೀನೂ ಕಂಡಿಲ್ಲ."

"ಭಾಷಣನೂ ಕೇಳಿಲ್ಲ," ಎಂದ ಕಿಯೊಜಿ.

ಮೂವತ್ತೊಂದು ವರ್ಷದಲ್ಲಿ ಸಭೆಯಲ್ಲಿ ಅವನು ಬಾಯಿಬಿಟ್ಟದ್ದು ಅದೇ ಮೊದಲು. ಬಡಗಿಮನೆಯವನಿಗೆ ಕೆಮ್ಮು ಬಂತು, ಅದು ಬಹಳ ಹೊತ್ತು ನಿಲ್ಲಲಿಲ್ಲ.

ತೊಕುಜಿಯ ಮುಖ ಉಪ್ಪಿನಕಾಯಿ ಹಾಕಿದ ಪ್ಲಮ್ ಹಣ್ಣಿನ ಕೆಂಪು ಬಣ್ಣಕ್ಕೆ ತಿರುಗಿತು. "ಶನಿವಾರ ಹತ್ತು ಗಂಟೆವರೆಗೆ ಟೈಮ್. ಎರಡನೇ ಎಲೆ ಹಸಿರಾಗಿ ಬಂದಿರ್ಬೇಕು. ಇಲ್ಲಾಂದ್ರೆ ನಿನ್ನೆದುರಿಗೇ ಕೇಂದ್ರಕ್ಕೆ ಫೋನ್ ಮಾಡ್ತೀನಿ."

ಆ ನಾಲ್ಕು ದಿನ ಮಿಸಾವೊ ಸಸಿಮನೆಯಲ್ಲೇ ಇದ್ದಳು. ಬಿಸಿಲೇರಿದಾಗ ಹೊದಿಕೆ, ಮೋಡ ಬಂದಾಗ ಮುಸುಕು ತೆಗೆದು ಬೆಳಕು, ಸಂಜೆಗೆ ಸೀಮೆಎಣ್ಣೆ ಸ್ಟವ್. ಗಂಡ ತಂದ ಅನ್ನದುಂಡೆ ತಿನ್ನುತ್ತಾ ತಟ್ಟೆಗಳನ್ನೇ ನೋಡುತ್ತಾ ಕೂತಿದ್ದಳು.

"ನೀನು ದಿಟ್ಟಿಸಿದ್ರೆ ಅವು ನಾಚ್ಕೊಂಡು ಕೆಂಪಾಗ್ತವೆ, ಹಸಿರಾಗಲ್ಲ," ಎಂದ ಕಿಯೊಜಿ.

"ಒಂದ್ಸಲ ಬಾಯಿ ಬಂತು ಅಂತ ದಿನಾ ಮಾತಾಡ್ಬೇಕಾಗಿಲ್ಲ," ಎಂದಳು ಅವಳು. ಆಮೇಲೆ ಮೆಲ್ಲಗೆ, "ತಪ್ಪು ನಂದೇ. ಒಂದು ದಿನ ಕಾದಿದ್ರೆ ಏನು ಹೋಗ್ತಿತ್ತು?"

ಕಿಯೊಜಿ ಅವಳ ಪಕ್ಕ ಕೂತು ಎರಡನೇ ಅನ್ನದುಂಡೆಯನ್ನು ತಾನೇ ತಿಂದ.

ಶನಿವಾರ ಒಂಬತ್ತೂವರೆಗೇ ತೊಕುಜಿ ಫೋನ್ ಹಿಡಿದು ಬಂದ. ಒಬ್ಬನೇ. ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದ. ಬಿಳಿ ಎಲೆಯ ಪಕ್ಕದಲ್ಲಿ, ಅದರದೇ ಬುಡದಿಂದ, ಸೂಜಿಯಂಥ ಎರಡನೇ ಎಲೆ ಎದ್ದಿತ್ತು. ಅನುಮಾನಕ್ಕೆ ಜಾಗವಿಲ್ಲದಷ್ಟು ಹಸಿರು. ಒಂದು ತಟ್ಟೆ ನೋಡಿದ, ಹತ್ತು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಎಲ್ಲಾ ಹೀಗೇನಾ?"

"ಇಲ್ಲ. ಬಾಗಿಲ ಹತ್ತಿರದ ಮೂವತ್ತು ಹೋದ್ವು. ಅಲ್ಲಿ ಗಾಳಿ ನೇರ ಹೊಡೀತು. ಆ ನಷ್ಟ ನನ್ನ ಮನೆ ಪಾಲಿಗೆ ಇರ್ಲಿ. ಮತ್ತೆ ಬಿತ್ತಿದೀನಿ, ನಾನು ಹತ್ತು ದಿನ ತಡವಾಗಿ ನೆಡ್ತೀನಿ."

ತೊಕುಜಿ ಫೋನನ್ನು ಜೇಬಿಗೆ ಹಾಕಿದ. ಬಾಗಿಲ ಬಳಿಯ ತಟ್ಟೆಗಳ ಮುಂದೆ ಹೋಗಿ ನಿಂತ. ಕೀಲಿಕೈಯ ಮಾತು ಎತ್ತಲಿಲ್ಲ.

"ಆ ಮೂವತ್ತರಲ್ಲಿ ಹದಿನೈದು ನನ್ನ ಲೆಕ್ಕಕ್ಕೆ ಹಾಕು," ಎಂದ, ಅವಳ ಕಡೆ ನೋಡದೆ. "ಅವತ್ತು ನಾನೂ ಸ್ವಲ್ಪ ಜಾಸ್ತಿ ಮಾತಾಡ್ದೆ."

"ಸ್ವಲ್ಪಾನಾ, ಅಧ್ಯಕ್ಷರೇ?" ಎಂದಳು ಮಿಸಾವೊ.