ನಶ್ಯ ಬಿಟ್ಟ ಮೇಷ್ಟ್ರು

ಇವತ್ತು ಶಿಡ್ಲಘಟ್ಟದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ತಂದು ನನ್ನ ಕಾಲ ಬಳಿ ಇಟ್ಟರು. ಆ ಹಸಿ ವಾಸನೆಗೆ ನಮ್ಮ ಹಳೆಯ ನಡುಮನೆ, ತಟ್ಟೆ ತುಂಬ ಸರಸರನೆ ಸೊಪ್ಪು ಮೇಯುವ ರೇಷ್ಮೆಹುಳು, ಶಾಲೆಯಿಂದ ಬಂದ ನನ್ನ ಲಂಗವನ್ನು ಬಾಗಿಲಲ್ಲೇ ಮೂಸಿ ನೋಡುವ ಅಜ್ಜಿ, ಎಲ್ಲ ನೆನಪಾಯಿತು.

ನಮ್ಮ ಮೇಷ್ಟ್ರು ನಶ್ಯ ಹಾಕುತ್ತಿದ್ದರು. ಹೊಗೆಸೊಪ್ಪಿನ ಘಾಟು ಹುಳುಗಳಿಗೆ ಆಗದು.

“ಇಸ್ಕೂಲಿಂದ ಬರೀ ನಶ್ಯದ ಘಾಟು ಹೊತ್ಕೊಂಡ್ ಬರ್ತೀಯ. ಇನ್ ಹೋಗೋದ್ ಬೇಡ ಕಣೇ,” ಅಂದುಬಿಟ್ಟಳು ಅಜ್ಜಿ.

ನಾನು ಶಾಲೆಯಲ್ಲಿ ಕಾಣದಿದ್ದಾಗ ಮೇಷ್ಟ್ರೇ ಮನೆ ಹುಡುಕಿಕೊಂಡು ಬಂದರು. ಬೀದಿಯಲ್ಲೇ ನಿಂತು ಅಜ್ಜಿಯ ದೂರನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಎದುರಿನ ತಿಪ್ಪೆಗೆ ಎಸೆದರು.

“ಇನ್ ಮುಟ್ಟಲ್ಲ ತಾಯಿ. ಮಗೂನ ಕಳಿಸಿ.”

“ಸರೇ ಮೇಷ್ಟ್ರೇ, ಕಳಿಸ್ತೀನಿ ಬಿಡಿ.”

ಆಮೇಲೆ ಮಗ್ಗಿ ಹೇಳಿಸುವಾಗ ಅವರ ಬೆರಳು ತಾನಾಗಿಯೇ ಜೇಬಿಗೆ ಹೋಗಿ ಬರಿದೇ ವಾಪಸಾಗುತ್ತಿತ್ತು. ನನ್ನ ಕಡೆ ನೋಡಿ ಸಣ್ಣಗೆ ನಕ್ಕು ಮಗ್ಗಿ ಮುಂದುವರಿಸುತ್ತಿದ್ದರು.

ಮುಂದೆ ನಾನೂ ಮೇಡಂ ಆದೆ. ಪಾಠ ಮಾಡುವುದನ್ನು ತರಬೇತಿಯಲ್ಲಿ ಕಲಿಸಿದರು. ಹಾಗೆ ನಗುವುದನ್ನು ಯಾರೂ ಕಲಿಸಲಿಲ್ಲ.

ಸೊಪ್ಪಿನ ಮೂಟೆ ಯಾವುದೋ ಸ್ಟಾಪಿನಲ್ಲಿ ಇಳಿಯಿತು. ನಾನು ಮಾತ್ರ ಇನ್ನೂ ಮೇಷ್ಟ್ರ ಎದುರು ಕೂತು ಮಗ್ಗಿ ಹೇಳುತ್ತಿದ್ದೆ.