ತ್ರಿವಿಕ್ರಮನ ನಂತರ ಬರುವ ವಾಮನ

ಆಗಸ್ಟ್ 9, ಶನಿವಾರ. ಬೆಳಿಗ್ಗೆ 6.20ಕ್ಕೆ ಬರೆಯಲು ಕೂತೆ.

ಯಾದಗಿರಿಯ ಈ ಬಾಡಿಗೆ ಮನೆಯಲ್ಲಿ ನೀರಿನ ವಾಲ್ವು ಬಿಗಿದುಕೊಂಡು ಒಂಬತ್ತು ದಿನವಾಗಿತ್ತು. ಮಾಲೀಕರಿಗೆ ಹೇಳಿದ್ದು ನಾಲ್ಕು ಸಲ, ಅವರು ‘ನಾಳೆ’ ಎಂದದ್ದೂ ನಾಲ್ಕು ಸಲ. ಇವತ್ತು ನಾನೇ ಗ್ರೀಸು ಹಚ್ಚಿ ಅದರ ಚಕ್ರ ತಿರುಗಿಸಿದೆ. ಗ್ರೀಸಿನ ವಾಸನೆ ಮೂಗಿಗೆ ಬಂದದ್ದೇ ತಡ, ಬಾಯಿ ತಾನಾಗಿ ‘ಕೇಶವ’ ಎಂದಿತು. ಎರಡನೆಯ ಸುತ್ತಿಗೆ ‘ನಾರಾಯಣ’. ನನಗೆ ಭಕ್ತಿ ಉಕ್ಕಿತೆಂದು ತಿಳಿಯಬೇಡಿ. ಉಕ್ಕಿದ್ದು ಕಾಲುವೆಯ ನೆನಪು.

ನನ್ನ ಸೋದರಮಾವ ಮಲ್ಲಪ್ಪ ಕಕ್ಕೇರಾ ಕಡೆಯ ಒಂದು ಉಪಕಾಲುವೆಯ ಗೇಟು ಕಾಯುತ್ತಿದ್ದ. ದಿನಗೂಲಿ ಕೆಲಸ, ಯಾವಾಗ ಬೇಕಾದರೂ ಹೋಗಬಹುದಾದದ್ದು. ಕಬ್ಬಿಣದ ಹಲಗೆ, ಅದರ ಮೇಲೊಂದು ಚಕ್ರ. ಎಷ್ಟು ಸುತ್ತು ತಿರುಗಿಸಿದರೆ ಅಷ್ಟು ನೀರು. ಆ ಸುತ್ತುಗಳನ್ನು ಮಾಮಾ ಒಂದು, ಎರಡು ಎಂದು ಎಣಿಸುತ್ತಿರಲಿಲ್ಲ. ಹರೆಯದಲ್ಲಿ ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ಮಣ್ಣು ಹೊರುವಾಗ ಶನಿವಾರದ ಭಜನೆಯಲ್ಲಿ ವಿಷ್ಣುವಿನ ಹನ್ನೆರಡು ಹೆಸರು ಕಿವಿಗೆ ಬಿದ್ದಿದ್ದವು. ಅವನ್ನೇ ಲೆಕ್ಕಕ್ಕೆ ಹಚ್ಚಿದ್ದ. ಕೇಶವ ಎಂದರೆ ಒಂದು, ದಾಮೋದರ ಎಂದರೆ ಹನ್ನೆರಡು. ‘ಇವತ್ತ ಗೋವಿಂದಕ್ಕ ನಿಲ್ಲಿಸೇನಿ’ ಎಂದರೆ ನಾಲ್ಕೇ ಸುತ್ತು ನೀರು ಎಂದು ಕೆಳಗಿನ ಹೊಲದವರಿಗೆಲ್ಲ ಗೊತ್ತಾಗುತ್ತಿತ್ತು.

ಗೇಟಿನ ಕೆಳಗೆ ಮೊದಲ ಹೊಲ ಹನುಮವ್ವನದು. ಅವಳಿಗೆ ಮಾಮಾನನ್ನು ಕಾಡದಿದ್ದರೆ ಹೊತ್ತು ಹೋಗುತ್ತಿರಲಿಲ್ಲ.

“ಹೆಸರು ಮಲ್ಲಯ್ಯಂದು, ಕೂಲಿ ಸರಕಾರದ್ದು, ಧ್ಯಾನ ವಿಷ್ಣಂದು. ಕಡೀಕ ಯಾವ ದೇವ್ರು ನಿನ್ನ ಕರಕೊಂಡು ಹೋಗಬೇಕಪಾ?”

“ಯಾರು ಮೊದಲು ಬರ್ತಾರ ಅವ್ರು,” ಎನ್ನುತ್ತಿದ್ದ ಮಾಮಾ. “ಅಂಕಿ ಎಣಸಾಗ ನೀ ಬಂದು ಮಾತಾಡಸ್ತಿ, ಲೆಕ್ಕ ತಪ್ತದ. ದೇವರ ಹೆಸರು ಹಿಡದಾಗ ನೀನೂ ಸುಮ್ಮನಿರ್ತಿ.”

ಏಳು ವರ್ಷದ ಹಿಂದೆ, ನನಗೆ ಹದಿನೇಳು. ಕಾಲೇಜಿನ ರಜೆಯಲ್ಲಿ ಮಾಮಾನ ಮನೆಯಲ್ಲಿದ್ದೆ. ಆಗಲೂ ದಿನಚರಿ ಬರೆಯುತ್ತಿದ್ದೆ. ಮನೆಗೆ ಬಂದವರು ಎಷ್ಟು, ನಾನು ತಿಂದ ರೊಟ್ಟಿ ಎಷ್ಟು, ಎಲ್ಲಕ್ಕೂ ಗೀಟು. ರೊಟ್ಟಿಯ ಗೀಟುಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ.

ಒಂದು ದಿನ ಸಂಜೆ ನಾಲ್ಕು ಗಂಟೆಗೆ ಅತ್ತೆಗೆ ಹೆರಿಗೆ ನೋವು ಬಂತು. ಮಾಮಾ ಟಂಟಂ ಗಾಡಿ ತರಿಸಿ, ಅವಳನ್ನು ಕೂರಿಸಿಕೊಂಡು ಸುರಪುರದ ದವಾಖಾನೆಗೆ ಹೊರಟ. ಗೇಟು ಬಿಟ್ಟು ಹೋಗಲು ಅಪ್ಪಣೆ ಕೇಳುವಷ್ಟು ಹೊತ್ತಿರಲಿಲ್ಲ.

“ಐದಕ್ಕ ಗೇಟ್ ಎತ್ತವಾ. ತ್ರಿವಿಕ್ರಮಕ್ಕ ನಿಲ್ಲಿಸು. ಹನುಮವ್ವನ ಹೊಲದ ಏರಿಗೆ ಹೊಸ ಮಣ್ಣು ಹಾಕೇವಿ, ಇನ್ನಾ ಹಸಿ ಐತಿ. ಅದು ಒಡದ್ರ ಆಕಿ ಭತ್ತದ ಸಸಿನೂ ಹೋಗ್ತಾವ, ನನ್ನ ನೌಕರಿನೂ ಹೋಗ್ತದ.”

“ನನಗ ಗೊತ್ತೈತಿ, ನೀ ನಡಿ ಮಾಮಾ.”

ಗೊತ್ತಿತ್ತು. ಅದೇ ತೊಂದರೆಯಾಯಿತು. ಶಾಲೆಯಲ್ಲಿ ಬಲಿ ಚಕ್ರವರ್ತಿಯ ಕತೆ ಓದಿದವಳು ನಾನು. ಮೊದಲು ಗಿಡ್ಡ ವಾಮನ ಬಂದು ಮೂರು ಹೆಜ್ಜೆ ಭೂಮಿ ಬೇಡುತ್ತಾನೆ, ಆಮೇಲೆ ಬೆಳೆದು ತ್ರಿವಿಕ್ರಮನಾಗುತ್ತಾನೆ. ಹಾಗಾಗಿ ಮಧುಸೂದನ ಮುಗಿದ ಮೇಲೆ ವಾಮನ ಎಂದೆ, ಆಮೇಲೆ ತ್ರಿವಿಕ್ರಮ ಎಂದು ನಿಲ್ಲಿಸಿದೆ. ಸುತ್ತಿಗೊಂದು ಗೀಟು ಎಳೆದು, ‘5.10ಕ್ಕೆ ಗೇಟು ಎತ್ತಿದ್ದು, ತ್ರಿವಿಕ್ರಮ’ ಎಂದು ದಿನಚರಿಯಲ್ಲಿ ಬರೆದು, ಕೈಯ ಗ್ರೀಸು ಒರೆಸಿಕೊಂಡೆ. ಬಹಳ ಹೆಮ್ಮೆಯಾಗಿತ್ತು.

ಆರು ಗಂಟೆಗೆ ಹನುಮವ್ವ ಸೀರೆ ಎತ್ತಿ ಕಟ್ಟಿಕೊಂಡು ಏರಿಯ ಮೇಲೆ ಬಂದಳು. ಮುಖದಲ್ಲಿ ನಗು ಇರಲಿಲ್ಲ.

“ಎಷ್ಟು ಬಿಟ್ಟೀದಿಯವಾ? ದಿನಾ ಗುರುತಿನ ಕಲ್ಲಿನ ಕೆಳಗ ನಿಲ್ಲೋ ನೀರು ಇವತ್ತ ಕಲ್ಲು ಮುಳಗಸ್ಯಾದ.”

“ತ್ರಿವಿಕ್ರಮಕ್ಕ ನಿಲ್ಲಿಸೇನಿ.”

“ಖರೇನ?”

ಕಾವಲು ಗುಡಿಸಲಿನಲ್ಲಿದ್ದ ಮಾಮಾನ ಬುಕ್ಕು ತೆಗೆದು ನೋಡಿದೆ. ಸರಕಾರಕ್ಕೆ ತೋರಿಸುವ ಬುಕ್ಕಿನಲ್ಲಿ ಮಾತ್ರ ಅವನು ಅಂಕಿ ಬರೆಯುತ್ತಿದ್ದ. ಹಿಂದಿನ ಮೂರು ದಿನವೂ ಏಳು, ಏಳು, ಏಳು. ನನ್ನ ಗೀಟು ಎಣಿಸಿದೆ. ಎಂಟು. ಮತ್ತೆ ಎಣಿಸಿದೆ, ಎಂಟೇ.

ನಾವಿಬ್ಬರೂ ಗೇಟಿಗೆ ಓಡಿದೆವು. ಎತ್ತುವಾಗ ಹಗುರವಾಗಿದ್ದ ಚಕ್ರ ಇಳಿಸುವಾಗ ಹಟ ಹಿಡಿಯಿತು. ಹನುಮವ್ವ ಒಂದು ಕಡೆ ಜೋತುಬಿದ್ದಳು, ನಾನು ಇನ್ನೊಂದು ಕಡೆ. ಒಂದು ಸುತ್ತು ಇಳಿಯಿತು. ಆಮೇಲೆ ಹಸಿ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡಿದೆವು. ಏರಿಯ ತುದಿಗೂ ನೀರಿಗೂ ಎರಡು ಬೆರಳು ಅಂತರ. ನಿಧಾನವಾಗಿ ಮೂರು ಬೆರಳಾಯಿತು, ನಾಲ್ಕಾಯಿತು. 6.50ಕ್ಕೆ ಕಲ್ಲಿನ ನೆತ್ತಿ ಕಂಡಿತು. ಹನುಮವ್ವ ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದಳು, ಆಮೇಲೆ ತನ್ನದು.

“ನಿಮ್ಮ ಮಾಮಾಗ ನಾ ಹೇಳಂಗಿಲ್ಲ. ನೀನ ಹೇಳು.”

ಮಾಮಾ ಮರುದಿನ ಬೆಳಿಗ್ಗೆ ಬಂದ. “ಹೆಣ್ಣು ಹುಟ್ಟ್ಯಾಳ. ಅಂಗೈಯಷ್ಟ ಅದಾಳ, ಒದರಿದ್ರ ದವಾಖಾನಿ ತುಂಬ ಕೇಳಸ್ತದ,” ಎಂದು ಕೈಗೆ ಪೇಡೆ ಇಟ್ಟ. ಪೇಡೆ ಬಾಯಿಗೆ ಹಾಕಿಕೊಳ್ಳದೆ ಎಲ್ಲ ಹೇಳಿದೆ. ಅವನು ಎದ್ದು ಹೋಗಿ ಏರಿಯನ್ನು ಕಾಲಿನಿಂದ ಒತ್ತಿ ನೋಡಿ ಬಂದ. ಬಂದು ನನ್ನ ಪಕ್ಕ ಕೂತ.

“ಕತಿಯೊಳಗ ಗಿಡ್ಡ ಮೊದಲು. ಹೆಸರಿನೊಳಗ ದೊಡ್ಡಾಂವ ಮೊದಲು, ಅವನ ಬೆನ್ನಿಗೆ ಗಿಡ್ಡ. ಯಾಕ ಅಂತ ನಾ ಯಾರನ್ನೂ ಕೇಳಿಲ್ಲ. ಆದ್ರ ಗೇಟಿನ ಮ್ಯಾಲ ನಿಂತು ನನಗ ತಿಳದದ್ದು ಇಷ್ಟು. ಇಡೀ ಲೋಕ ಅಳದಾಂವನ್ನ ನೋಡಿದ್ರ ಯಾರರ ಅಂಜತಾರ. ಅಂಜಬೇಕಾದ್ದು ಅವನ ಹಿಂದ ಬರೋ ಸಣ್ಣಾಂವಗ. ಮೂರ ಹೆಜ್ಜಿ ಅಲ್ಲೇನು ಅಂತ ಬಲಿ ಕೊಟ್ಟ. ಒಂದ ಸುತ್ತು ಅಲ್ಲೇನು ಅಂತ ನೀರು ಕೇಳತದ. ಅಲ್ಲೇ ಏರಿ ಹೋಗ್ತದ.”

ನನ್ನ ಕೈಯ ಪೇಡೆ ತೋರಿಸಿ, “ಬಲಿ ತಲಿ ಕೊಟ್ಟ. ನೀ ಬರೇ ಬೆವರು ಕೊಟ್ಟಿ. ಪೇಡೆ ತಿನ್ನು,” ಎಂದ.

ಅವತ್ತಿನ ಪುಟದಲ್ಲಿ ‘ಪೇಡೆ: 3’ ಎಂದಿದೆ.

ಆ ಅಂಗೈಯಷ್ಟಿದ್ದ ಹುಡುಗಿ ಈಗ ಎರಡನೆಯ ತರಗತಿ. ಮಾಮಾ ಇನ್ನೂ ಅದೇ ಗೇಟಿನಲ್ಲಿದ್ದಾನೆ. ಇವತ್ತು ವಾಲ್ವು ಏಳನೆಯ ಸುತ್ತಿಗೆ ಬಂದಾಗ ನನ್ನ ಕೈ ತಾನಾಗಿ ನಿಂತಿತು. ಇಲ್ಲಿ ಹಸಿ ಏರಿಯಿಲ್ಲ, ಕೆಳಗೆ ಯಾರ ಸಸಿಯೂ ಇಲ್ಲ ಎಂದು ನೆನಪಾಗಿ, ಏಳು ವರ್ಷದಲ್ಲಿ ಮೊದಲ ಸಲ ‘ವಾಮನ’ ಎಂದು ಎಂಟನೆಯ ಸುತ್ತು ನೆಮ್ಮದಿಯಿಂದ ತಿರುಗಿಸಿದೆ. ಬಚ್ಚಲಿನಲ್ಲಿ ನೀರು ಸದ್ದು ಮಾಡುತ್ತಾ ಬಿತ್ತು. ಖುಷಿಗೆ ಮಾಮಾನಿಗೆ ಫೋನು ಮಾಡಿದರೆ ಎತ್ತಿದ್ದು ಮಗಳು. ಹನ್ನೆರಡೂ ಹೆಸರು ಒಪ್ಪಿಸಿ, ಕೇಳಿದಳು: “ಅಕ್ಕಾ, ಅಷ್ಟು ದೊಡ್ಡಾಂವ ಆದಮ್ಯಾಲ ಮತ್ತ ಯಾಕ ಸಣ್ಣಾಂವ ಆದ?”

ಮಾಮಾನ ಉತ್ತರ ಗೇಟಿಗೆ ಸಾಕು, ಎರಡನೆಯ ತರಗತಿಗೆ ಸಾಲದು. ಹೆಸರುಗಳ ಈ ಕ್ರಮಕ್ಕೆ ಬೇರೆ ಕಾರಣ ಬಲ್ಲವರು ನಿಮ್ಮಲ್ಲಿದ್ದರೆ ದಯವಿಟ್ಟು ಎರಡು ಸಾಲು ಬರೆದು ಕಳಿಸಿ. ಅವಳಿಗೆ ಓದಿ ಹೇಳುತ್ತೇನೆ. ಬಂದ ತಾರೀಖನ್ನೂ ಬರೆದಿಡುತ್ತೇನೆ.